ಗೋಧಿ ತಾಗದ ಊಟ, ಗಡಿ ದಾಟದ ಊಟ

ಪಥ್ಯದಲ್ಲಿರುವವರು ಪರದೇಶಕ್ಕೆ ಹೊರಟಾಗ ಮೊದಲು ಮಾಡುವ ಕೆಲಸವೆಂದರೆ ಊಟವನ್ನು ಕಟ್ಟಿಕೊಳ್ಳುವುದು. ಆಸ್ಟ್ರೇಲಿಯಕ್ಕೆ ಹೊರಡುವವರಿಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. 2024ರ ಮಾರ್ಚ್‌ನಲ್ಲಿ ನಾನು ಮತ್ತು ನಮ್ಮ ಯಜಮಾನರು ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಿಂದ ಸಿಡ್ನಿಯಲ್ಲಿರುವ ಮಗನ ಮನೆಗೆ ಹೋದೆವು. ನನಗೆ ಸೀಲಿಯಾಕ್ ಕಾಯಿಲೆಯಿದೆ. ಗೋಧಿಯ ಒಂದು ಕಣವೂ ಹೊಟ್ಟೆಗೆ ಹೋಗಬಾರದೆಂಬ ವೈದ್ಯರ ಕಟ್ಟಪ್ಪಣೆ ಒಂದು ಕಡೆ, ನಮ್ಮ ಮನೆಯ ಬೇಳೆಕಾಳು ತಮ್ಮ ನೆಲಕ್ಕೆ ಬರಬಾರದೆಂಬ ಆ ದೇಶದ ಕಟ್ಟಳೆ ಇನ್ನೊಂದು ಕಡೆ. ಇವೆರಡರ ನಡುವೆ ಊಟವನ್ನು ಹೊಂದಿಸಿಕೊಂಡ ಬಗೆಯನ್ನು, ಇದೇ ಪಥ್ಯದಲ್ಲಿದ್ದು ಮಕ್ಕಳ ಮನೆಗೆ ಹೊರಡುವವರಿಗೆ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಕಾಯಿಲೆಯ ಬಗ್ಗೆ ಎರಡು ಮಾತು ಹೇಳದೆ ಮುಂದಿನದು ತಿಳಿಯುವುದಿಲ್ಲ. ಗೋಧಿ, ಬಾರ್ಲಿ ಮತ್ತು ರೈ ಎಂಬ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿಗೆ ದೇಹದ ರೋಗನಿರೋಧಕ ವ್ಯವಸ್ಥೆ ಕೆರಳಿ, ಸಣ್ಣ ಕರುಳಿನ ಒಳಗೋಡೆಯಲ್ಲಿರುವ, ಆಹಾರದ ಸಾರವನ್ನು ಹೀರಿಕೊಳ್ಳುವ ಬೆರಳಿನಾಕಾರದ ಎಳೆಗಳನ್ನು ತಾನೇ ಹಾಳುಮಾಡುತ್ತದೆ. ಇದಕ್ಕೆ ಮಾತ್ರೆಯಿಲ್ಲ, ಬದುಕಿರುವವರೆಗೂ ಗ್ಲುಟೆನ್ ಬಿಡುವುದೊಂದೇ ಚಿಕಿತ್ಸೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ಕಾಯಿಲೆ ಬಹಳ ವಿರಳವಾದುದರಿಂದ ನಮ್ಮ ಕಡೆ ಯಾರಿಗೂ ತಟ್ಟನೆ ಅನುಮಾನ ಬರುವುದಿಲ್ಲ. ನನಗೆ ವರ್ಷಗಟ್ಟಲೆ ಇದ್ದದ್ದು ಕಬ್ಬಿಣದ ಮಾತ್ರೆ ಎಷ್ಟು ನುಂಗಿದರೂ ಏರದ ರಕ್ತಹೀನತೆ. ಕಬ್ಬಿಣಾಂಶವನ್ನು ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ, ಕಾಯಿಲೆ ಮೊದಲು ಹಾಳುಮಾಡುವುದೂ ಅದನ್ನೇ. ಸಕ್ಕರೆ ಕಾಯಿಲೆ ಬಾರದಿರಲೆಂದು ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದ ಮೇಲೆ ಅದು ಇನ್ನಷ್ಟು ಬಿಗಡಾಯಿಸಿತು. ಕೊನೆಗೆ ರಕ್ತಪರೀಕ್ಷೆ, ಎಂಡೋಸ್ಕೋಪಿ, ಕರುಳಿನ ಬಯಾಪ್ಸಿ ಎಲ್ಲ ಆಗಿ ಕಾಯಿಲೆಗೆ ಹೆಸರು ಸಿಕ್ಕಿತು.

ಅನ್ನ ಉಣ್ಣುವ ಮಲೆನಾಡಿನ ಮನೆಯಲ್ಲಿ ಗೋಧಿ ಬಿಡುವುದು ಕಷ್ಟವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಕ್ಕಿ, ರಾಗಿ, ಜೋಳ, ಬೇಳೆ, ತರಕಾರಿ, ಹಣ್ಣು, ಮಜ್ಜಿಗೆ, ತೆಂಗಿನಕಾಯಿ, ಇವುಗಳಲ್ಲಿ ಯಾವುದರಲ್ಲೂ ಗ್ಲುಟೆನ್ ಇಲ್ಲವೆಂಬುದು ನಿಜ. ಆದರೆ ಗೋಧಿ ಅಡುಗೆಮನೆಗೆ ಬರುವುದು ಚಪಾತಿಯ ರೂಪದಲ್ಲಿ ಮಾತ್ರವಲ್ಲ. ನಾವು ಅಂಗಡಿಯಿಂದ ತರುವ ಪುಡಿ ಹಿಂಗು ಬರಿಯ ಹಿಂಗಲ್ಲ. ಆ ಗಿಡದ ಅಂಟುರಾಳ ಬಹಳ ಖಾರವಾದುದರಿಂದ ಅದನ್ನು ಖಾದ್ಯ ಗೋಂದು ಮತ್ತು ಹಿಟ್ಟಿನೊಂದಿಗೆ ಬೆರೆಸಿ ಮಾರುತ್ತಾರೆ, ಆ ಹಿಟ್ಟು ಅನೇಕ ಕಂಪನಿಗಳಲ್ಲಿ ಮೈದಾ ಅಥವಾ ಗೋಧಿ ಹಿಟ್ಟು. ಸಾರು, ಹುಳಿ, ಕೋಸಂಬರಿ, ಮಜ್ಜಿಗೆ, ಉಪ್ಪಿನಕಾಯಿ, ಎಲ್ಲದರ ಒಗ್ಗರಣೆಗೂ ಬೀಳುವ ಆ ಚಿಟಿಕೆಯೇ ನನ್ನಂಥವರಿಗೆ ಸಾಕು. ಹಾಗೆಯೇ ಊರಿನ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ರಾಗಿಯನ್ನೂ ಬೀಸುತ್ತಾರೆ. ಮನೆಯಲ್ಲಿ ನಾನು ಅಕ್ಕಿ ಹಿಟ್ಟು ಬೆರೆಸಿದ ಹಿಂಗನ್ನು ಹುಡುಕಿ ತರಿಸಿಕೊಂಡು, ರಾಗಿಯನ್ನು ತೊಳೆದು ಒಣಗಿಸಿ ಮನೆಯಲ್ಲೇ ಪುಡಿಮಾಡಿಕೊಂಡು ಒಂದು ಹದಕ್ಕೆ ಬಂದಿದ್ದೆ. ಅದೇ ಹದವನ್ನು ಸಿಡ್ನಿಗೆ ಸಾಗಿಸುವುದು ಹೇಗೆಂಬುದೇ ಪ್ರಶ್ನೆಯಾಗಿತ್ತು.

ಆಸ್ಟ್ರೇಲಿಯಕ್ಕೆ ಏನನ್ನು ತರಬಹುದು, ಏನನ್ನು ತರಬಾರದು ಎಂಬುದನ್ನು ಅಲ್ಲಿನ ಕೃಷಿ ಇಲಾಖೆಯ ಬೈಕಾನ್ ಎಂಬ ದತ್ತಸಂಚಯದಲ್ಲಿ ಒಂದೊಂದೇ ಪದಾರ್ಥದ ಹೆಸರು ಹಾಕಿ ನೋಡಬಹುದು. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ದಿನಕ್ಕೆ ಹತ್ತಿರದಲ್ಲಿಯೇ ನೋಡಬೇಕು, ಹೋದ ವರ್ಷ ಹೋಗಿಬಂದ ನೆಂಟರ ಮಾತನ್ನು ನಂಬಬಾರದು. ಮಗ ಅಲ್ಲಿಂದ, ನಾನು ಇಲ್ಲಿಂದ ಫೋನಿನಲ್ಲಿ ಮಾತಾಡುತ್ತ ನನ್ನ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಪರಿಶೀಲಿಸಿದೆವು, ಪಟ್ಟಿ ಕರಗುತ್ತಾ ಹೋಯಿತು. ಅಕ್ಕಿ ಇಲ್ಲ. ಹೆಸರು, ಕಡಲೆ, ತೊಗರಿ ಇಲ್ಲ. ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ ಇಲ್ಲ. ಇವೆಲ್ಲವನ್ನೂ ಪ್ರಯಾಣಿಕರು ಚೀಲದಲ್ಲಿ ತರುವುದನ್ನು 2020ರ ಅಕ್ಟೋಬರ್‌ನಿಂದ ನಿಷೇಧಿಸಿದ್ದಾರೆ.

ಈ ನಿಷೇಧಕ್ಕೆ ಕಾರಣ ಖಪ್ರ ಎಂಬ ಸಣ್ಣ ಕಂದು ದುಂಬಿ. ಅದರ ಮೂಲ ನಮ್ಮ ಉಪಖಂಡವೇ. ಕಣಜದೊಳಗೆ ಸೇರಿದರೆ ಧಾನ್ಯವನ್ನೆಲ್ಲ ಹುಡಿಮಾಡುವ ಅದರ ಮರಿಹುಳು, ಆಹಾರ ಸಿಗದಿದ್ದರೂ ಗೋಡೆಯ ಬಿರುಕಿನಲ್ಲಿ ವರ್ಷಗಟ್ಟಲೆ ಸುಪ್ತವಾಗಿ ಬದುಕಿರಬಲ್ಲದು. ಗೋಧಿ ಬೆಳೆದು ಜಗತ್ತಿಗೆ ಮಾರುವ ದೇಶ ಅದಕ್ಕೆ ಹೆದರುವುದರಲ್ಲಿ ಅರ್ಥವಿದೆ. ಹಾಲಿನ ಪದಾರ್ಥಗಳ ನಿರ್ಬಂಧಕ್ಕೆ ಕಾರಣ ಕಾಲುಬಾಯಿ ಜ್ವರ. ಆಸ್ಟ್ರೇಲಿಯದಲ್ಲಿ ಅದು ಕೊನೆಯ ಬಾರಿ ಕಾಣಿಸಿಕೊಂಡದ್ದು 1872ರಲ್ಲಿ, ನಮ್ಮ ಕೊಟ್ಟಿಗೆಗಳಿಗೋ ಅದು ಆಗಾಗ ಬರುವ ನೆಂಟ. ಕರಿಬೇವಿನ ಸೊಪ್ಪಿನ ವಿಷಯವಂತೂ ನನಗೆ ಹೊಸದಾಗಿತ್ತು. ಕಿತ್ತಳೆ, ನಿಂಬೆ ಜಾತಿಯ ಮರಗಳನ್ನು ಒಣಗಿಸುವ ಹಸಿರು ರೋಗವನ್ನು ಹರಡುವ ಸಣ್ಣ ಜಿಗಿಹುಳು ಕರಿಬೇವಿನ ಗಿಡದಲ್ಲಿಯೂ ಸಂಸಾರ ಹೂಡುತ್ತದೆಯಂತೆ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದರಲ್ಲಿ ಆ ರೋಗದ ಪಾಲೂ ಇದೆಯೆಂದು ತಿಳಿದ ಮೇಲೆ, ಒಂದು ಕಡ್ಡಿ ಕರಿಬೇವಿಗೆ ಇಷ್ಟೊಂದು ರಂಪವೇಕೆ ಎಂದು ಕೇಳುವ ಮನಸ್ಸು ನನಗಾಗಲಿಲ್ಲ.

ವೈದ್ಯರ ಪತ್ರವೊಂದನ್ನು ಇಟ್ಟುಕೊಂಡರೆ ಯಾವ ಆಹಾರವನ್ನಾದರೂ ಒಯ್ಯಬಹುದೆಂಬ ನಂಬಿಕೆ ನಮ್ಮಲ್ಲಿ ಬಹಳ ಜನರಿಗಿದೆ. ಪತ್ರ ಬೇಕು, ಆದರೆ ಅದು ಮಾತ್ರೆಗಳಿಗಾಗಿ. ಕಾಯಿಲೆ ಯಾವುದು, ಮಾತ್ರೆ ಯಾವುವು, ದಿನಕ್ಕೆಷ್ಟು ಎಂದು ಇಂಗ್ಲಿಷಿನಲ್ಲಿ ಬರೆದ ಪತ್ರ ಅಥವಾ ಚೀಟಿಯಿದ್ದರೆ ಸ್ವಂತಕ್ಕೆ ಬೇಕಾದ ಮೂರು ತಿಂಗಳ ಔಷಧಿಯನ್ನು ಅದರ ಮೂಲ ಪೊಟ್ಟಣದಲ್ಲಿಯೇ ಒಯ್ಯಬಹುದು. ನಾನು ಥೈರಾಯ್ಡ್, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಹಾಗೆಯೇ ಒಯ್ದೆ. ದುಂಬಿಗೂ ಜ್ವರದ ವೈರಾಣುವಿಗೂ ನನ್ನ ಕರುಳಿನ ಸ್ಥಿತಿ ತಿಳಿಯುವುದಿಲ್ಲವಾದುದರಿಂದ ನಿಷಿದ್ಧ ಧಾನ್ಯ ವೈದ್ಯರ ಸಹಿಯಿದ್ದ ಮಾತ್ರಕ್ಕೆ ಒಳಗೆ ಬರುವುದಿಲ್ಲ. ಬರೆಸುವುದಾದರೆ ಪತ್ರದಲ್ಲಿ ಗ್ಲುಟೆನ್ ರಹಿತ ಆಹಾರ ಅನಿವಾರ್ಯವೆಂಬ ಒಂದು ಸಾಲನ್ನೂ ಬರೆಸಿಕೊಳ್ಳಿ. ಊಟವನ್ನು ವಿಮಾನದೊಳಕ್ಕೆ ಒಯ್ಯುವಾಗ ಬೆಂಗಳೂರಿನಲ್ಲಿ ಯಾರಾದರೂ ಪ್ರಶ್ನಿಸಿದರೆ ಆ ಸಾಲು ಕೆಲಸಕ್ಕೆ ಬರುತ್ತದೆ.

ಕೊನೆಗೆ ನಾನು ಒಯ್ದ ಆಹಾರ ಒಂದು ಪಾರದರ್ಶಕ ಜಿಪ್ ಚೀಲದಷ್ಟು. ಕಾರ್ಖಾನೆಯಲ್ಲಿ ಮುಚ್ಚಿದ, ಅಕ್ಕಿ ಹಿಟ್ಟಿನಿಂದ ಮಾಡಿದ ಹಿಂಗಿನ ಸಣ್ಣ ಡಬ್ಬಿ, ಕಾರ್ಖಾನೆಯದೇ ಶೇಂಗಾ ಚಿಕ್ಕಿ, ಮತ್ತು ಬಿಸಿಮಾಡಿ ತಿನ್ನುವ ಅನ್ನದ ಕೆಲವು ಪೊಟ್ಟಣ. ಈ ಪೊಟ್ಟಣಗಳ ಹಿಂದೆ ನಮ್ಮ ಮೈಸೂರಿನ ಕಥೆಯಿದೆ. ಅಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ರೂಪಿಸಿದ ರಿಟಾರ್ಟ್ ತಂತ್ರವೇ, ಅಂದರೆ ಆಹಾರವನ್ನು ಪೊಟ್ಟಣದಲ್ಲಿ ಮುಚ್ಚಿ ಒತ್ತಡದ ಹಬೆಯಲ್ಲಿ ಬೇಯಿಸಿ ಕೆಡದಂತೆ ಮಾಡುವ ಕ್ರಮವೇ, ಮುಂದೆ ನಮ್ಮ ಅಂಗಡಿಗಳಿಗೂ ಬಂತು. ಹೀಗೆ ಕಾರ್ಖಾನೆಯಲ್ಲಿ ಪೂರ್ತಿ ಬೇಯಿಸಿದ, ಹುರಿದ ಪದಾರ್ಥಗಳು ಖಪ್ರ ನಿಷೇಧದಿಂದ ಹೊರಗಿವೆ. ಆದರೆ ಅವನ್ನು ಆರಿಸುವಾಗ ನನ್ನ ಪಥ್ಯವೂ ಒಪ್ಪಬೇಕಲ್ಲ? ಬಿಸಿಬೇಳೆಬಾತಿನಲ್ಲಿ ಗೋಧಿ ಬೆರೆತ ಹಿಂಗು, ಪೊಂಗಲಿನಲ್ಲಿ ತುಪ್ಪ, ಇನ್ನೊಂದರಲ್ಲಿ ಗೋಡಂಬಿಯ ಜೊತೆ ಹಾಲಿನ ಪುಡಿ ಎಂದು ತಳ್ಳುತ್ತಾ ಬಂದು, ಎರಡು ಜರಡಿಯಲ್ಲೂ ಉಳಿದದ್ದು ಒಂದೆರಡು ಬಗೆ ಮಾತ್ರ. ಮನೆಯಲ್ಲಿ ಮಾಡಿದ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ಸಂಡಿಗೆ, ಅವಲಕ್ಕಿಗಳನ್ನೆಲ್ಲ ಚರ್ಚೆಗೇ ಎಡೆಕೊಡದೆ ಬಿಟ್ಟೆ. ಸಂದೇಹವಿರುವ ಪದಾರ್ಥಕ್ಕಾಗಿ ಅಧಿಕಾರಿಯೆದುರು ವಾದಿಸುವಷ್ಟು ಇಂಗ್ಲಿಷೂ ತಾಳ್ಮೆಯೂ ಹತ್ತಾರು ಗಂಟೆಯ ಪ್ರಯಾಣದ ಕೊನೆಯಲ್ಲಿ ಯಾರಿಗೂ ಇರುವುದಿಲ್ಲ.

ವಿಮಾನದ ಊಟ ಇನ್ನೊಂದು ಅಧ್ಯಾಯ. ಗ್ಲುಟೆನ್ ರಹಿತ ಊಟವನ್ನು ಮುಂಚಿತವಾಗಿ ಹೇಳಿಟ್ಟರೆ ಬಹುತೇಕ ದೊಡ್ಡ ಕಂಪನಿಗಳು ಕೊಡುತ್ತವೆ. ನಾನು ಸಸ್ಯಾಹಾರಿ ಎಂಬಲ್ಲಿ ತೊಡಕು ಬಂತು. ಸಸ್ಯಾಹಾರಕ್ಕೊಂದು ಸಂಕೇತ, ಗ್ಲುಟೆನ್ ರಹಿತಕ್ಕೊಂದು ಸಂಕೇತ, ಒಬ್ಬ ಪ್ರಯಾಣಿಕರಿಗೆ ಒಂದೇ ಸಂಕೇತ. ಎರಡನ್ನೂ ಸೇರಿಸಲು ನಾವು ಹೋದ ಕಂಪನಿಯಲ್ಲಿ ಅವಕಾಶವಿರಲಿಲ್ಲ. ಗ್ಲುಟೆನ್ ರಹಿತ ತಟ್ಟೆಯಲ್ಲಿ ಕೋಳಿಯೋ ಮೀನೋ ಇರುತ್ತದೆ, ಸಸ್ಯಾಹಾರದ ತಟ್ಟೆಯಲ್ಲಿ ರೊಟ್ಟಿ ಇರುತ್ತದೆ. ನಾನು ಗ್ಲುಟೆನ್ ರಹಿತವನ್ನೇ ಹೇಳಿ, ಅದರಲ್ಲಿ ಬರುವ ಹಣ್ಣನ್ನೂ ಆಲೂಗಡ್ಡೆಯನ್ನೂ ತಿಂದು, ಉಳಿದದ್ದಕ್ಕೆ ಮನೆಯಿಂದಲೇ ಕಟ್ಟಿಕೊಂಡ ಅಕ್ಕಿರೊಟ್ಟಿಯನ್ನೂ ಪುಳಿಯೋಗರೆಯನ್ನೂ ನೆಚ್ಚಿಕೊಂಡೆ. ಪುಳಿಯೋಗರೆ ದಿನವಿಡೀ ಕೆಡುವುದಿಲ್ಲ, ಪಕ್ಕದವರಿಗೆ ವಾಸನೆಯ ಕಿರಿಕಿರಿಯೂ ಇಲ್ಲ. ಈ ಕಟ್ಟೂಟದ ಲೆಕ್ಕ ಮಾತ್ರ ಕರಾರುವಾಕ್ಕಾಗಿರಬೇಕು, ಏಕೆಂದರೆ ಅದು ವಿಮಾನದಲ್ಲೇ ಮುಗಿಯಬೇಕು, ವಿಮಾನದಿಂದ ಇಳಿಯುವಾಗ ಒಂದು ತುತ್ತೂ ಜೊತೆಗೆ ಬರಬಾರದು. ಸಿಂಗಪುರದಿಂದ ಮುಂದಿನ ವಿಮಾನದಲ್ಲಿ ಉಳಿದ ರೊಟ್ಟಿಯನ್ನು ನಮ್ಮವರಿಗೆ ಬಡಿಸಿ, ಡಬ್ಬಿ ಒರೆಸಿ, ಒರೆಸಿದ ಕಾಗದವನ್ನೂ ಗಗನಸಖಿಯ ಕಸದ ಚೀಲಕ್ಕೇ ಹಾಕಿದೆ.

ಇಳಿಯುವ ಮುನ್ನ ತುಂಬಬೇಕಾದ ಪ್ರವೇಶ ಚೀಟಿಯಲ್ಲಿ ಮಾಂಸ, ಹಾಲಿನ ಪದಾರ್ಥ, ಹಣ್ಣು, ತರಕಾರಿ ಇದೆಯೇ ಎಂದೊಂದು ಪ್ರಶ್ನೆ, ಧಾನ್ಯ, ಬೀಜ, ಕಾಯಿ, ಗಿಡದ ಭಾಗ, ಸಾಂಪ್ರದಾಯಿಕ ಔಷಧಿ ಇದೆಯೇ ಎಂದು ಇನ್ನೊಂದು. ಕಳೆದ 30 ದಿನಗಳಲ್ಲಿ ತೋಟ, ಹೊಲ, ಸಾಕುಪ್ರಾಣಿಗಳ ಬಳಿ ಹೋಗಿದ್ದಿರೇ ಎಂದೂ ಕೇಳುತ್ತಾರೆ. ಹೊರಡುವ ಹಿಂದಿನ ದಿನವೂ ಅಡಿಕೆ ತೋಟಕ್ಕೆ ಇಳಿದಿದ್ದ ನಮ್ಮ ಯಜಮಾನರಿಗೆ ‘ಹೌದು’ ಎನ್ನದೆ ಬೇರೆ ದಾರಿಯಿರಲಿಲ್ಲ. ಹೌದು ಎಂದು ಗುರುತು ಹಾಕಿದರೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ ಎಂಬ ಒಂದೇ ಕಾರಣಕ್ಕೆ ಇಲ್ಲವೆಂದು ಬರೆಯುವವರನ್ನು ನಾನು ಕಂಡಿದ್ದೇನೆ. ಅದು ಬಹಳ ದುಬಾರಿಯ ಚೌಕಾಶಿ. ಹೇಳಿ ಕೊಟ್ಟ ಪದಾರ್ಥವನ್ನು ಅವರು ಕಿತ್ತುಕೊಂಡರೂ ದಂಡವಿಲ್ಲ, ಹೇಳದೆ ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರಿಗೂ ಏರಬಹುದು. 2019ರಿಂದ ಸಂದರ್ಶಕರ ವೀಸಾವನ್ನೇ ರದ್ದುಮಾಡಿ ಬಂದ ದಾರಿಯಲ್ಲಿ ಹಿಂದಕ್ಕೆ ಕಳಿಸುವ ಅಧಿಕಾರವೂ ಅವರಿಗಿದೆ.

ತಪಾಸಣೆಯ ಉದ್ದನೆಯ ಉಕ್ಕಿನ ಮೇಜಿನ ಮೇಲೆ ನಾನು ಜಿಪ್ ಚೀಲವನ್ನೂ, ಮಗ ಟೈಪ್ ಮಾಡಿ ಕಳಿಸಿದ್ದ ಪಟ್ಟಿಯನ್ನೂ ಒಟ್ಟಿಗೆ ಇಟ್ಟೆ. ಪದಾರ್ಥದ ಹೆಸರು, ಒಳಗೇನಿದೆ, ಎಷ್ಟಿದೆ, ಕಾರ್ಖಾನೆಯದೋ ಮನೆಯದೋ, ಇಷ್ಟೇ ಪಟ್ಟಿ. ಕೈಗವಸು ತೊಟ್ಟ ಅಧಿಕಾರಿಣಿ ಒಂದೊಂದನ್ನೇ ಎತ್ತಿ ತಿರುಗಿಸಿ, ಪೊಟ್ಟಣದ ಹಿಂದಿನ ಸಣ್ಣಕ್ಷರವನ್ನು ಓದಿ, ಪಟ್ಟಿಯಲ್ಲಿ ಗುರುತು ಹಾಕುತ್ತಾ ಹೋದರು. ಹಿಂಗಿನ ಡಬ್ಬಿಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ ವಾಪಸು ಕೊಟ್ಟರು. ಚಿಕ್ಕಿಯೂ ಅನ್ನದ ಪೊಟ್ಟಣಗಳೂ ಬಂದವು. ಪಟ್ಟಿಯ ಕೊನೆಯಲ್ಲಿ ಇದ್ದದ್ದು ನನ್ನ ನಾದಿನಿ ಅಳಿಯನಿಗೆಂದು ಒತ್ತಾಯದಿಂದ ಕೊಟ್ಟ ಮೆಂತ್ಯದ ಹಿಟ್ಟಿನ ಪೊಟ್ಟಣ. ಅದರಲ್ಲಿ ಗೋಧಿ, ಅಕ್ಕಿ, ಕಡಲೆಬೇಳೆ, ಮೆಂತ್ಯ, ಕೊತ್ತಂಬರಿ ಎಲ್ಲವೂ ಇದ್ದವು. ನನ್ನ ಕಾಯಿಲೆಗೂ ಆಗದ, ಆ ದೇಶಕ್ಕೂ ಆಗದ ತಿನಿಸು ಅದಕ್ಕಿಂತ ಇನ್ನೊಂದಿರಲಾರದು. ಅದು ಮನೆಯದು ಎಂದು ಪಟ್ಟಿಯಲ್ಲಿದ್ದುದನ್ನು ತೋರಿಸಿದೆ. ಅವರು ತಲೆಯಾಡಿಸಿ ಅದನ್ನು ಹಳದಿ ತೊಟ್ಟಿಗೆ ಹಾಕಿದರು, ತಿಳಿಸಿದ್ದಕ್ಕೆ ಧನ್ಯವಾದ ಹೇಳಿದರು. ನಮ್ಮವರ ಚಪ್ಪಲಿಗಳನ್ನು ತಿರುಗಿಸಿ ನೋಡಿ, ಒಳಗೊಯ್ದು ಅಟ್ಟೆ ತೊಳೆದು ತಂದುಕೊಟ್ಟರು. ಊರಿನ ಮಣ್ಣು ಅಷ್ಟು ಮರ್ಯಾದೆಯಿಂದ ಬೇರಾವ ದೇಶದಲ್ಲೂ ತೊಳೆಸಿಕೊಂಡಿರಲಾರದು.

ಅಡುಗೆಯ ಮಾತಿಗೆ ಬರೋಣ. ಸಿಡ್ನಿಯ ಪಶ್ಚಿಮಕ್ಕೆ ಪ್ಯಾರಮ್ಯಾಟದ ಸುತ್ತ, ಹ್ಯಾರಿಸ್ ಪಾರ್ಕ್, ವೆಂಟ್ವರ್ತ್‌ವಿಲ್‌ನಂಥ ಕಡೆ, ಭಾರತದ ಕಿರಾಣಿ ಅಂಗಡಿಗಳು ಸಾಲುಗಟ್ಟಿವೆ. ನನ್ನಿಂದ ಗಡಿ ದಾಟಲಾರದೆ ಹೋದದ್ದೆಲ್ಲ ಅಲ್ಲಿ ರಾಶಿ ಬಿದ್ದಿತ್ತು. ಸೋನಾ ಮಸೂರಿಯ ಚೀಲ, ತೊಗರಿಬೇಳೆ, ಕೊತ್ತಂಬರಿ, ಬ್ಯಾಡಗಿ ಮೆಣಸಿನಕಾಯಿ, ರಾಗಿ, ಅಲ್ಲೇ ಬೆಳೆದ ಕರಿಬೇವು. ಇವು ಆಮದುದಾರರ ಮೂಲಕ, ತಪಾಸಣೆ ಮತ್ತು ಸಂಸ್ಕರಣೆಯ ಷರತ್ತುಗಳನ್ನು ಪೂರೈಸಿ ಬಂದವು. ಪ್ರಯಾಣಿಕರ ಚೀಲಕ್ಕೆ ಇಲ್ಲದ ದಾರಿ ಹಡಗಿನ ಪೆಟ್ಟಿಗೆಗೆ ಇದೆ. ಆದುದರಿಂದ ಭಾರತದ ಪಥ್ಯದೂಟಕ್ಕೆ ಬೇಕಾದ ಮೂಲ ಸಾಮಗ್ರಿಯನ್ನು ಹೊತ್ತುಕೊಂಡು ಹೋಗುವ ಅಗತ್ಯವೇ ದೊಡ್ಡ ಊರುಗಳಲ್ಲಿ ಇಲ್ಲ. ಅಲ್ಲಿ ಕೊಂಡ ಮೆಣಸಿನಕಾಯಿ, ಕೊತ್ತಂಬರಿಗಳನ್ನು ಹುರಿದು ಮಿಕ್ಸಿಯಲ್ಲಿ ಸಾರಿನಪುಡಿ ಮಾಡಿಕೊಂಡೆ, ಅಲ್ಲಿನ ಬೆಣ್ಣೆ ಕಾಯಿಸಿ ತುಪ್ಪ ಮಾಡಿಕೊಂಡೆ. ರಾಗಿ ಹಿಟ್ಟಿನ ಪೊಟ್ಟಣಗಳಲ್ಲಿ ಗೋಧಿಯನ್ನೂ ಬೀಸುವ ಕಾರ್ಖಾನೆಯದು ಎಂಬ ಸೂಚನೆ ಇದ್ದುದರಿಂದ ಅವನ್ನು ಮುಟ್ಟದೆ, ಇಡೀ ರಾಗಿಯನ್ನು ಕೊಂಡೆ. ರಾಗಿಯಲ್ಲಿ ಒಂದು ಅನುಕೂಲವಿದೆ: ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸಿದರೆ ರಾಗಿ ಕೆಳಗೆ ಬೀಳುತ್ತದೆ, ತಪ್ಪಿ ಸೇರಿದ ಗೋಧಿ ಕಾಳು ಮೇಲೆಯೇ ಉಳಿಯುತ್ತದೆ. ಎರಡು ಬಾರಿ ಜರಡಿ ಹಿಡಿದು, ಮೂರ್ನಾಲ್ಕು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರಡಿ ಒಣಗಿಸಿ ಮಿಕ್ಸಿಗೆ ಹಾಕಿದರೆ ಮುದ್ದೆಗೂ ಗಂಜಿಗೂ ಸಾಕಾಗುವಷ್ಟು ಹಿಟ್ಟಾಗುತ್ತದೆ.

ದೊಡ್ಡ ಸೂಪರ್ ಮಾರುಕಟ್ಟೆಗಳಲ್ಲಿ ಗ್ಲುಟೆನ್ ರಹಿತ ಪದಾರ್ಥಗಳಿಗೇ ಒಂದು ಸಾಲು ಇರುತ್ತದೆ, ಬ್ರೆಡ್ಡು, ಬಿಸ್ಕತ್ತು, ಪಾಸ್ತಾ ಎಲ್ಲ. ನನಗೆ ಅವುಗಳ ರುಚಿ ಹಿಡಿಸಲಿಲ್ಲ. ಹಿಡಿಸಿದ್ದು ಅವುಗಳ ಮೇಲಿನ ಅಕ್ಷರ. ನಮ್ಮ ದೇಶದ ಆಹಾರ ನಿಯಮದಲ್ಲಿ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಗ್ಲುಟೆನ್ ಇದ್ದರೂ ಅದನ್ನು ಗ್ಲುಟೆನ್ ರಹಿತ ಎನ್ನಬಹುದು, ಯುರೋಪ್, ಅಮೆರಿಕಗಳಲ್ಲಿಯೂ ಗೆರೆ ಅಲ್ಲೇ. ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡುಗಳಲ್ಲಿ ಪರೀಕ್ಷೆಗೆ ಸಿಗುವಷ್ಟು ಗ್ಲುಟೆನ್ ಇರಲೇಬಾರದು, ಓಟ್ಸ್ ಇರಬಾರದು, ಬಾರ್ಲಿಯ ಮಾಲ್ಟ್ ಇರಬಾರದು. ಹೊರಗೆ ಗ್ಲುಟೆನ್ ರಹಿತವೆಂದು ಮಾರುವ ಓಟ್ಸ್ ಅಲ್ಲಿ ಆ ಹೆಸರು ಹೊತ್ತು ಮಾರಾಟವಾಗುವಂತಿಲ್ಲ. ಒಂದು ಎಚ್ಚರಿಕೆ ಬೇಕು. ‘ಕಡಿಮೆ ಗ್ಲುಟೆನ್’ ಎಂಬ ಇನ್ನೊಂದು ಮಾತನ್ನೂ ಅಲ್ಲಿನ ನಿಯಮ ಒಪ್ಪುತ್ತದೆ, ಅದರಲ್ಲಿ 100 ಗ್ರಾಂಗೆ 20 ಮಿಲಿಗ್ರಾಂವರೆಗೆ ಇರಬಹುದು. 20 ಎಂಬ ಅಂಕಿ ನೋಡಿ ನಮ್ಮ ಲೆಕ್ಕವೇ ಎಂದುಕೊಂಡರೆ ಹತ್ತು ಪಟ್ಟು ಹೆಚ್ಚು ತಿಂದಂತಾಗುತ್ತದೆ.

ಸಾಮಗ್ರಿಯ ಪಟ್ಟಿಯಲ್ಲಿ ಗೋಧಿಯನ್ನು ದಪ್ಪಕ್ಷರದಲ್ಲಿ, ಸರಳ ಹೆಸರಿನಲ್ಲಿ ಹೇಳಬೇಕೆಂಬ ನಿಯಮವೂ 2021ರಲ್ಲಿ ಬಂದಿದೆ. ತಯಾರಕರಿಗೆ ಕೊಟ್ಟಿದ್ದ ಗಡುವು ನಾವು ಹೋಗುವ ಹಿಂದಿನ ತಿಂಗಳಷ್ಟೇ, 2024ರ ಫೆಬ್ರವರಿಯಲ್ಲಿ, ಮುಗಿದಿದ್ದರಿಂದ ಅಂಗಡಿಯಲ್ಲಿ ಹಳೆಯ ದಾಸ್ತಾನೂ ಹೊಸದೂ ಎರಡೂ ಇದ್ದವು. ಭಾರತದಿಂದ ಬಂದ ಪುಡಿ ಹಿಂಗಿನ ಡಬ್ಬಿಯೊಂದನ್ನು ಕಿರಾಣಿ ಅಂಗಡಿಯಲ್ಲಿ ಕೈಗೆತ್ತಿಕೊಂಡಾಗ ಅದಕ್ಕೆ ಅಂಟಿಸಿದ ಬಿಳಿ ಚೀಟಿಯಲ್ಲಿ ಗೋಧಿ ಎಂಬುದು ಕನ್ನಡಕವಿಲ್ಲದೆ ಓದಬಹುದಾದಷ್ಟು ದಪ್ಪಗಿತ್ತು. ಊರಿನಲ್ಲಿ ಭೂತಗನ್ನಡಿ ಹಿಡಿದು ಹುಡುಕುತ್ತಿದ್ದುದನ್ನು ಅಲ್ಲಿ ಯಾರೋ ನನಗಾಗಿ ಮೊದಲೇ ಓದಿಟ್ಟಿದ್ದರು. ನನ್ನ ಚಟ್ನಿಪುಡಿಯನ್ನು ಗಡಿಯಲ್ಲಿ ತಡೆಯುವ ಆ ದೇಶದ ಅತಿಯಾದ ಕಟ್ಟುನಿಟ್ಟು, ಗಡಿಯ ಒಳಗೆ ನನ್ನ ಪಥ್ಯವನ್ನು ಕಾಯುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಮನೆಯೊಳಗಿನ ವ್ಯವಸ್ಥೆಯನ್ನು ಸೊಸೆ ನಾವು ಬರುವ ಮೊದಲೇ ಮಾಡಿಟ್ಟಿದ್ದಳು. ನನಗೆ ಬೇರೆ ಕಾವಲಿ, ಬೇರೆ ಸೌಟು, ಬೇರೆ ಸೋಸುವ ಬುಟ್ಟಿ. “ಅತ್ತೆ, ಹಸಿರು ಟೇಪ್ ಸುತ್ತಿರೋದೆಲ್ಲ ನಿಮ್ದು, ನಮ್ ಚಪಾತಿ ಮಣೆ ಆ ಕಡೆ ಕಪಾಟಿನಲ್ಲಿದೆ” ಎಂದು ತೋರಿಸಿದಳು. ಚಪಾತಿ ಲಟ್ಟಿಸುವಾಗ ಗಾಳಿಗೆ ಹಾರುವ ಹಿಟ್ಟು ಪಕ್ಕದ ಪಾತ್ರೆಗೆ ಬೀಳುತ್ತದೆಂದು ಅವರು ಲಟ್ಟಿಸುವ ಹೊತ್ತನ್ನೇ ನನ್ನ ಅಡುಗೆ ಮುಗಿದ ಮೇಲಕ್ಕೆ ಇಟ್ಟುಕೊಂಡರು. ಟೋಸ್ಟರ್ ಒಂದನ್ನು ಮಾತ್ರ ಹಂಚಿಕೊಳ್ಳಲು ಬರುವುದಿಲ್ಲ, ಅದರ ತಳದ ಬ್ರೆಡ್ಡಿನ ಚೂರನ್ನು ಎಷ್ಟು ಕೊಡವಿದರೂ ಹೋಗುವುದಿಲ್ಲ.

ಹೋಟೆಲು ಮತ್ತು ಹಬ್ಬದೂಟ, ನಿಜವಾದ ಕಷ್ಟ ಬಂದದ್ದು ಇವೆರಡರಲ್ಲಿ. ಇಂಗ್ಲಿಷ್ ಹೋಟೆಲಿನಲ್ಲಿ ಸೀಲಿಯಾಕ್ ಎಂಬ ಒಂದೇ ಮಾತಿಗೆ ಬಡಿಸುವವರು ಪುಸ್ತಕ ತಂದು, ಯಾವ ಎಣ್ಣೆಯಲ್ಲಿ ಏನನ್ನು ಕರಿಯುತ್ತಾರೆ ಎಂಬುದನ್ನೂ ಹೇಳುತ್ತಿದ್ದರು. ನಮ್ಮವರ ಹೋಟೆಲೊಂದರಲ್ಲಿ ದೋಸೆಗೆ ಗೋಧಿ ತಾಗುತ್ತದೆಯೇ ಎಂದು ಕೇಳಿದರೆ, ಎಲ್ಲವೂ ಶುದ್ಧ ಸಸ್ಯಾಹಾರ, ಹೆದರಬೇಡಿ ಎಂಬ ಉತ್ತರ ಬಂತು. ಹಿಂಗು, ಒಂದೇ ಕಾವಲಿಯಲ್ಲಿ ಹುಯ್ಯುವ ರವೆದೋಸೆ, ಇವುಗಳ ಬಗ್ಗೆ ಮತ್ತೆ ಕೇಳಿದಾಗ ಆ ಹುಡುಗ ಒಳಗೆ ಹೋಗಿ ಬಂದು ಮತ್ತದನ್ನೇ ಹೇಳಿದ. ಅಕ್ಕರೆಗೆ ಕೊರತೆಯಿರಲಿಲ್ಲ. ಅಕ್ಕಿಯ ತಿಂಡಿಯಲ್ಲಿ ಗೋಧಿ ಎಲ್ಲಿಂದ ಬಂದೀತು ಎಂಬುದು ಅವನ ಊಹೆಗೆ ಮೀರಿತ್ತು. ಅಲ್ಲಿ ಒಂದು ಎಳನೀರು ಕುಡಿದು ಎದ್ದೆ.

ಏಪ್ರಿಲ್ 9ರ ಯುಗಾದಿಗೆ ಮಗನ ಪರಿಚಯದ ಕನ್ನಡದ ಕುಟುಂಬಗಳೆಲ್ಲ ಒಂದೊಂದು ಅಡುಗೆ ಮಾಡಿ ತಂದು ಒಟ್ಟಿಗೆ ಉಂಡರು. ಒಬ್ಬಟ್ಟು, ಶಾವಿಗೆ ಪಾಯಸ ನನಗಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು, ಆದರೆ ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ, ಹುಳಿಯನ್ನು ಯಾಕೆ ಬಡಿಸಿಕೊಳ್ಳುತ್ತಿಲ್ಲ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ನಾನು ನನ್ನ ಡಬ್ಬಿ ಬಿಚ್ಚಿದಾಗ ಚಿತ್ರಾನ್ನ ಮಾಡಿ ತಂದಿದ್ದ ಹೆಣ್ಣುಮಗಳ ಮುಖ ಸಪ್ಪಗಾಯಿತು. ಹಬ್ಬದ ದಿನ ಕೈಯಡುಗೆ ಬೇಡವೆಂದರೆ ಯಾರಿಗಾದರೂ ನೋಯುತ್ತದೆ. ಹಿಂಗಿನ ಸಂಗತಿಯನ್ನು ಹೇಳಿದೆ. ಆಕೆ ಮನೆಗೆ ಹೋಗಿ ತಮ್ಮ ಡಬ್ಬಿಯ ಚಿತ್ರ ತೆಗೆದು ಕಳಿಸಿದರು, ಗೋಧಿ ಇತ್ತು. ಮರುವಾರ ಕರೆದು, ಹಿಂಗಿಲ್ಲದ ಒಗ್ಗರಣೆಯಲ್ಲಿ, ಹೊಸ ಬಾಣಲೆಯಲ್ಲಿ ಮಾಡಿದ ಚಿತ್ರಾನ್ನ ಬಡಿಸಿದರು. “ಅಮ್ಮಾ, ಇಷ್ಟು ವರ್ಷ ಹಿಂಗಿನ ಡಬ್ಬಿ ಓದೇ ಇರ್ಲಿಲ್ಲ ನೋಡಿ” ಎಂದರು. ಹೊಟ್ಟೆ ತುಂಬ ಉಂಡೆ.

ಮೇ ತಿಂಗಳಲ್ಲಿ ಕಾರಿನಲ್ಲಿ ಅಡಿಲೇಡಿಗೆ ಹೋದಾಗ ಆಹಾರದ ಗಡಿ ಇನ್ನೊಮ್ಮೆ ಎದುರಾಯಿತು. ದೇಶದೊಳಗಿನ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗಲೂ ಹಣ್ಣು ಒಯ್ಯಲು ನಿರ್ಬಂಧವಿದೆ ಎಂಬುದು ನಮ್ಮಂಥವರಿಗೆ ಬೇಗ ತಲೆಗೆ ಹೋಗುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಕ್ಕೆ ಹಣ್ಣಿನ ನೊಣ ಬಾರದಿರಲೆಂದು ಸ್ಟರ್ಟ್ ಹೆದ್ದಾರಿಯ ಯಾಂಬ ಎಂಬಲ್ಲಿ ಹಗಲೂ ರಾತ್ರಿ ವಾಹನಗಳನ್ನು ತಡೆದು ನೋಡುತ್ತಾರೆ. ದಾರಿಯಲ್ಲಿ ನನ್ನ ಕಾಯಿಲೆಯವರು ಏನನ್ನೂ ವಿಚಾರಿಸದೆ, ಏನನ್ನೂ ಓದದೆ ತಿನ್ನಬಹುದಾದ ಒಂದೇ ಆಹಾರವೆಂದರೆ ಹಣ್ಣು. ಅಲ್ಲಿ ಅದಕ್ಕೇ ತಡೆ. ಮಗನಿಗೆ ಇದು ಗೊತ್ತಿದ್ದುದರಿಂದ ಸೇಬು, ಕಿತ್ತಳೆಗಳನ್ನು ಯಾಂಬ ಬರುವ ಮೊದಲೇ ಮರದ ನೆರಳಿನಲ್ಲಿ ಕುಳಿತು ಮುಗಿಸಿದೆವು. ಅಡಿಲೇಡ್ ಮುಟ್ಟುವವರೆಗಿನ ದಾರಿಗೆ ಗ್ಲುಟೆನ್ ರಹಿತವೆಂದು ಬರೆದ ಅಕ್ಕಿಯ ಬಿಲ್ಲೆಗಳು, ಹುರಿದ ಶೇಂಗಾ, ಕುದಿನೀರು ಹುಯ್ದು ಕಲಸುವ ರಾಗಿ ಹುರಿಹಿಟ್ಟು ಇದ್ದವು. ತಪಾಸಣೆಯವರು ಡಿಕ್ಕಿ ತೆಗೆಸಿ, ತಣ್ಣನೆಯ ಪೆಟ್ಟಿಗೆಯ ಮುಚ್ಚಳ ಎತ್ತಿಸಿ ನೋಡಿ, ಹುರಿಹಿಟ್ಟಿನ ಡಬ್ಬಿಯನ್ನು ಮೂಸಿ ಇದೇನೆಂದು ಕೇಳಿದರು. ಮಗ ವಿವರಿಸಿದ, ಬಿಟ್ಟರು. ರಾತ್ರಿ ತಂಗಿದ ಮೋಟೆಲಿನ ಕೋಣೆಯಲ್ಲಿ ಜೊತೆಗೆ ಒಯ್ದಿದ್ದ ಪುಟ್ಟ ಅನ್ನದ ಕುಕ್ಕರಿನಲ್ಲಿ ಅಕ್ಕಿಯನ್ನೂ ಹೆಸರುಬೇಳೆಯನ್ನೂ ಒಟ್ಟಿಗೆ ಬೇಯಿಸಿದೆ. ಮರುದಿನ ಅಡಿಲೇಡಿನ ಸೆಂಟ್ರಲ್ ಮಾರುಕಟ್ಟೆಗೆ ಹೋದಾಗ ಮೊದಲು ಕೊಂಡದ್ದು ಒಂದು ಚೀಲ ಹಣ್ಣು.